ಎರಡು ಬೆರಳು ಹಿಂದಕ್ಕೆ

"ಬಿಚ್ಚಿ" ಎಂದಳು ಇನ್ಸ್‌ಪೆಕ್ಟರ್. "ಆದರೆ ನಾನು ಹೇಳೋ ತನಕ ಒಂದು ಸ್ಕ್ರೂನೂ ಮುಟ್ಟಬೇಡಿ."

"ಬಿಚ್ಚಬೇಕಾ, ಮುಟ್ಟಬಾರದಾ? ಎರಡರಲ್ಲಿ ಒಂದು ಹೇಳಿ ಮೇಡಂ" ಎಂದ ಮೇಸ್ತ್ರಿ.

ಅವಳು ನಗಲಿಲ್ಲ. ಕೈಗೆ ರಬ್ಬರ್ ಗವಸು ಹಾಕಿಕೊಂಡು ಬಂದೂಕನ್ನು ಪೆಟ್ಟಿಗೆಯಿಂದ ಎತ್ತಿ ಕೆಲಸದ ಮೇಜಿನ ಮೇಲೆ, ಉಣ್ಣೆಯ ಬಟ್ಟೆ ಹಾಸಿದ ಜಾಗದಲ್ಲಿ ಮಲಗಿಸಿದಳು. ನಿದ್ದೆ ಹೋದ ಮಗುವನ್ನು ಮಲಗಿಸುವ ಹಾಗೆ ಮಲಗಿಸಿದಳು. ಗುಂಡು ಸಿಡಿಸುವ ಬೋಲ್ಟನ್ನು ಹೊರಗೆ ಎಳೆದು ಪಕ್ಕಕ್ಕಿಟ್ಟಳು. ನಳಿಗೆ ಖಾಲಿ.

ಭಾನುವಾರ ಬೆಳಿಗ್ಗೆ ಇದೇ ನಳಿಗೆಯಿಂದ ಹಾರಿದ ಗುಂಡು ಗುರಿಹಲಗೆಯನ್ನು ಬಿಟ್ಟು, ಅದರ ಎರಡು ಹೆಜ್ಜೆ ಆಚೆ ನಿಂತಿದ್ದ ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿಯ ಎದೆ ಹೊಕ್ಕಿತ್ತು. ಹೊಡೆದದ್ದು ನಾನೇ, ಆದರೆ ಗುರಿ ನೋಡುವ ಸ್ಕೋಪ್ ಜಾರಿತ್ತು, ತಪ್ಪು ಅದನ್ನು ಕೂರಿಸಿದವನದು ಎಂದು ಕ್ಲಬ್ಬಿನ ಅಧ್ಯಕ್ಷರು ಹೇಳಿಕೆ ಬರೆದುಕೊಟ್ಟಿದ್ದರು.

ಕೂರಿಸಿದವನು ಮೇಸ್ತ್ರಿ. ಬಂದೂಕಿನ ಕೆಲಸದಲ್ಲಿ ನಲವತ್ತೊಂದು ವರ್ಷ ಸವೆಸಿದವನು. ಇವತ್ತು ಮಂಗಳವಾರ.

"ಪ್ರಯೋಗಾಲಯಕ್ಕೆ ಕಳಿಸಿದರೆ ವರದಿ ಬರೋಕೆ ಮೂರು ತಿಂಗಳು" ಎಂದಳು ಇನ್ಸ್‌ಪೆಕ್ಟರ್, ಮೊಬೈಲಿನಲ್ಲಿ ಫೋಟೋ ತೆಗೆಯುತ್ತ. "ಅಲ್ಲಿಗೆ ಹೋಗೋ ಮೊದಲು, ಕಟ್ಟಿದವರ ಎದುರಿಗೇ ಬಿಚ್ಚಿಸಿ ನೋಡಬೇಕು ಅನ್ನಿಸ್ತು. ತಪ್ಪು ನಿಮ್ಮದು ಅಂತ ಕಂಡರೆ ಈ ಸಾಯಂಕಾಲವೇ ಬಾಗಿಲಿಗೆ ಬೀಗ. ನಿಮ್ಮನ್ನ ಕರ್ಕೊಂಡು ಹೋಗ್ತೀನಿ. ಗೊತ್ತಾಯ್ತಲ್ಲ?"

"ಗೊತ್ತಾಯ್ತು."

"ಗೊತ್ತಾಯ್ತಲ್ಲ?"

ಈಕೆಗೆ ಯಾವುದನ್ನೂ ಒಂದೇ ಸಲ ಕೇಳಿ ಅಭ್ಯಾಸವಿರಲಿಲ್ಲ. ಎರಡನೆಯ ಸಲ ಕೇಳುವಾಗ ಎದುರಿದ್ದವರ ಬಾಯಿ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಮೇಸ್ತ್ರಿ ತನ್ನ ಬಲಗೈಯನ್ನು ಮೆಲ್ಲಗೆ ಮೇಜಿನ ಕೆಳಗೆ ಇಳಿಸಿದ. ಎರಡು ವರ್ಷದಿಂದ ಆ ಕೈ ಅವನ ಮಾತು ಕೇಳುತ್ತಿರಲಿಲ್ಲ. ಸುಮ್ಮನೆ ಇಟ್ಟುಕೊಂಡರೂ ಚಳಿ ಹಿಡಿದವರ ಹಾಗೆ ತೆಳ್ಳಗೆ ನಡುಗುತ್ತಿತ್ತು.

ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಅಧ್ಯಕ್ಷರು ಕಾಲ ಮೇಲೆ ಕಾಲು ಹಾಕಿಕೊಂಡು ಕುಳಿತಿದ್ದರು. ಎತ್ತರದ ಆಳು. ಅದರಲ್ಲೂ ಆ ಕತ್ತು! ಕ್ಲಬ್ಬಿನವರು ಬೆನ್ನ ಹಿಂದೆ ಕೊಕ್ಕರೆ ಎಂದೇ ಕರೆಯುತ್ತಿದ್ದರು. ಎದುರಿಗೆ ಸಾರ್.

"ಮೇಡಂ, ಸುಮ್ನೆ ಯಾಕೆ ಎಳೀತೀರಿ?" ಎಂದರು. "ಸತ್ತವನು ಇಪ್ಪತ್ತು ವರ್ಷದಿಂದ ನನ್ನ ಸ್ನೇಹಿತ. ನನ್ನ ಕೈಯಿಂದಲೇ ಹೋದ. ನನಗೆ ಎರಡು ದಿನದಿಂದ ಅನ್ನ ಇಳೀತಿಲ್ಲ. ಆ ಹಿಂದಿನ ರಿಂಗು ಮುಟ್ಟಿ ನೋಡಿ, ಚಿಕ್ಕ ಮಗು ಹಲ್ಲು ಅಲ್ಲಾಡೋ ಹಾಗೆ ಅಲ್ಲಾಡತ್ತೆ."

ಮಾತು ಸುಳ್ಳಲ್ಲ. ಬಂದೂಕಿನ ಬೆನ್ನಿಗೆ ಸ್ಕೋಪನ್ನು ಹಿಡಿದು ನಿಲ್ಲಿಸುವುದು ಎರಡು ಉಕ್ಕಿನ ರಿಂಗು: ಮುಂದೊಂದು, ಹಿಂದೊಂದು. ಒಂದೊಂದೂ ಎರಡು ಅರ್ಧ. ಕೆಳಗಿನ ಅರ್ಧದ ಮೇಲೆ ಸ್ಕೋಪಿನ ಕೊಳವೆ ಮಲಗಿಸಿ, ಮೇಲಿನ ಅರ್ಧ ಮುಚ್ಚಿ, ನಾಲ್ಕು ಸ್ಕ್ರೂ ಬಿಗಿಯಬೇಕು. ಹಿಂದಿನ ರಿಂಗಿನ ನಾಲ್ಕೂ ಸ್ಕ್ರೂಗಳು ಈಗ ಬೆರಳಲ್ಲಿ ತಿರುಗಿಸುವಷ್ಟು ಸಡಿಲ.

"ಇಷ್ಟು ಸಡಿಲ ಆದರೆ ಗುಂಡು ಅಷ್ಟು ದೂರ ತಪ್ಪತ್ತಾ?" ಇನ್ಸ್‌ಪೆಕ್ಟರ್ ಕೇಳಿದಳು.

"ತಪ್ಪತ್ತೆ ಮೇಡಂ. ಇಲ್ಲಿ ಅರ್ಧ ಮಿಲಿಮೀಟರ್ ಅಲುಗಿದರೆ ಮುನ್ನೂರು ಮೀಟರ್ ಆಚೆ ಒಂದೂವರೆ ಮೀಟರ್. ಇಲ್ಲಿ ಕೂದಲೆಳೆ, ಅಲ್ಲಿ ಆಳುದ್ದ."

"ನೋಡಿ, ಅವರೇ ಒಪ್ಪಿಕೊಂಡ್ರು" ಎಂದರು ಅಧ್ಯಕ್ಷರು.

"ಗುಂಡು ತಪ್ಪತ್ತೆ ಅಂದೆ ಸಾರ್. ನಾನು ತಪ್ಪಿದೆ ಅನ್ನಲಿಲ್ಲ."

ಇನ್ಸ್‌ಪೆಕ್ಟರ್ ಬಗ್ಗಿ ಸ್ಕ್ರೂಗಳ ತಲೆ ನೋಡಿದಳು. "ಈ ಕೆಂಪು ಬಣ್ಣ ಏನು?"

"ಉಗುರುಬಣ್ಣ."

"ಉಗುರುಬಣ್ಣ?"

"ನಮ್ಮ ಅಂಗಡಿಯ ಪದ್ಧತಿ ಮೇಡಂ. ಸ್ಕ್ರೂ ಬಿಗಿದ ಮೇಲೆ ತಲೆಯಿಂದ ರಿಂಗಿನವರೆಗೆ ಒಂದು ಗೆರೆ ಎಳೀತೀವಿ. ಆಮೇಲೆ ಸ್ಕ್ರೂ ಒಂದು ಕೂದಲಷ್ಟು ತಿರುಗಿದರೂ ಗೆರೆ ಮುರೀತದೆ. ಮಗಳ ಮದುವೆಗೆ ತಂದಿದ್ದ ಸೀಸೆ. ಮದುವೆ ಮುರಿದುಬಿತ್ತು, ಬಣ್ಣ ಉಳೀತು. ಸುಮ್ನೆ ಯಾಕೆ ಒಣಗಿಸೋದು ಅಂತ..."

ಹಿಂದಿನ ರಿಂಗಿನ ಮೇಲೆ ನಾಲ್ಕೂ ಗೆರೆಗಳು ಮುರಿದಿದ್ದವು. ಸರಿ, ಅದು ಎಲ್ಲರಿಗೂ ಕಾಣುವಂಥದ್ದು. ಮೇಸ್ತ್ರಿ ಕನ್ನಡಕವನ್ನು ಹಣೆಗೇರಿಸಿ, ಕಣ್ಣಿಗೆ ಗಾಜಿನ ಬಿಲ್ಲೆ ಇಟ್ಟು ಮುಂದಿನ ರಿಂಗಿನತ್ತ ಬಗ್ಗಿದ. ಅಲ್ಲಿ ಗೆರೆಗಳು ಮುರಿದಿರಲಿಲ್ಲ. ನಾಲ್ಕೂ ಇಡಿಯಾಗಿದ್ದವು, ನೆಟ್ಟಗಿದ್ದವು.

ಬಿಲ್ಲೆಯನ್ನು ಒರೆಸಿ ಮತ್ತೆ ನೋಡಿದ.

ನೆಟ್ಟಗಿದ್ದವು. ಅವನು ಎಳೆದ ಗೆರೆ ನೆಟ್ಟಗೆ ಬಂದು ಎರಡು ವರ್ಷವಾಗಿತ್ತು.

*

ಈ ಬಂದೂಕಿಗೆ ರಿಂಗು ಆರಿಸಿದ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ಅಧ್ಯಕ್ಷರು ಹೊಳೆಯುವ ಒಂದು ಜೊತೆ ರಿಂಗನ್ನು ಕಾಗದದಲ್ಲಿ ಸುತ್ತಿಕೊಂಡು ಬಂದಿದ್ದರು. ಎತ್ತರದವು, ಹಗುರವಾದವು, ಬೆಳ್ಳಿಯ ಬಣ್ಣದವು.

"ಇದು ಮೆರವಣಿಗೆಗೆ ಚೆನ್ನಾಗಿದೆ ಸಾರ್" ಎಂದಿದ್ದ ಮೇಸ್ತ್ರಿ. "ಇಷ್ಟು ಎತ್ತರ ಕೂರಿಸಿದರೆ ನೋಡೋಕೆ ನೀವು ಕೆನ್ನೆಯನ್ನ ಬಂದೂಕಿನ ಹಿಂಭಾಗದ ಮರದಿಂದ ಎತ್ತಬೇಕಾಗತ್ತೆ. ಕೆನ್ನೆ ಎತ್ತಿದವನ ಗುರಿ ನಿಲ್ಲಲ್ಲ. ಹಗುರದ್ದು ಬೇರೆ. ನಿಮ್ಮ ಬಂದೂಕು ಹೇಸರಗತ್ತೆ ಒದ್ದ ಹಾಗೆ ಒದೆಯುತ್ತೆ, ನಾಲ್ಕು ದಿನಕ್ಕೆ ಇದರ ಸ್ಕ್ರೂಗಳ ಹಲ್ಲು ಸವೀತದೆ."

ಆಮೇಲೆ ಕಪಾಟಿನಿಂದ ಮೂರು ಜೊತೆ ತೆಗೆದು ಮೂರನ್ನೂ ಕೂರಿಸಿ ನೋಡಿದ್ದ. ಒಂದರಲ್ಲಿ ಸ್ಕೋಪಿನ ದಪ್ಪ ಮೂತಿ ನಳಿಗೆಗೆ ತಾಗಿತು. ಇನ್ನೊಂದರಲ್ಲಿ ನಡುವೆ ಹೆಬ್ಬೆರಳು ತೂರುವಷ್ಟು ಸಂದು. ಮೂರನೆಯದರಲ್ಲಿ ಒಂದು ದಪ್ಪ ರಟ್ಟು ಮಾತ್ರ ತೂರಿತು, ಎರಡು ತೂರಲಿಲ್ಲ. ಬೋಲ್ಟಿನ ಹಿಡಿ ಎತ್ತಿದರೆ ಸ್ಕೋಪಿಗೆ ಸೋಕದೆ ಮೇಲೆ ಬಂತು. "ಇದು" ಎಂದಿದ್ದ. ಉಕ್ಕಿನದು, ಕಪ್ಪು, ನೋಡಲು ಏನೂ ಅಂದವಿಲ್ಲ.

ಕೊನೆಗೆ ಕಣ್ಣಿನ ದೂರ. ಸ್ಕೋಪು ಕಣ್ಣಿಗೆ ನಾಲ್ಕು ಬೆರಳು ದೂರ ಇರಬೇಕು. ಹೆಚ್ಚಾದರೂ ಕಡಿಮೆಯಾದರೂ ನೋಟದ ಸುತ್ತ ಕತ್ತಲೆ. ತೀರ ಹತ್ತಿರವಾದರೆ ಒದೆತಕ್ಕೆ ಸ್ಕೋಪಿನ ಅಂಚು ಬಂದು ಹುಬ್ಬನ್ನೇ ಕಚ್ಚುತ್ತದೆ. ಅಧ್ಯಕ್ಷರದು ಕೊಕ್ಕರೆ ಕತ್ತು. ಕೆನ್ನೆಯಿಟ್ಟರೆ ಮರದ ಮೇಲೆ ಎಲ್ಲೋ ಮುಂದೆ ಹೋಗಿ ಇಡುತ್ತಿದ್ದರು. ಹಾಗಾಗಿ ಕೊಳವೆಯನ್ನು ರಿಂಗಿನೊಳಗೆ ಆದಷ್ಟೂ ಮುಂದಕ್ಕೆ ಜರುಗಿಸಿ ಬಿಗಿದಿದ್ದ. ಅದು ಹೋದ ಬುಧವಾರ.

ಅವತ್ತು ತಾನು ಎಳೆದ ಗೆರೆಗಳು, ಪಾಪ, ಇರುವೆ ಶಾಯಿಯಲ್ಲಿ ಕಾಲದ್ದಿ ನಡೆದ ಹಾಗಿದ್ದವು.

*

"ಮೇಸ್ತ್ರಿಗಳೇ, ಎಲ್ಲಿ ಹೋದ್ರಿ?"

"ಇಲ್ಲೇ ಇದೀನಿ ಮೇಡಂ."

"ಇದೇನು?" ಇನ್ಸ್‌ಪೆಕ್ಟರ್ ದೀಪದ ಕತ್ತನ್ನು ಬಗ್ಗಿಸಿ, ಬೆಳಕು ಓರೆಯಾಗಿ ಬೀಳುವಂತೆ ಹಿಡಿದಿದ್ದಳು. ಸ್ಕೋಪಿನ ಕಪ್ಪು ಕೊಳವೆಯ ಮೇಲೆ, ಹಿಂದಿನ ರಿಂಗಿನಿಂದ ಕಣ್ಣಿಡುವ ಕಡೆಗೆ ಎರಡು ಬೆರಳಿನಷ್ಟು ಆಚೆ, ತೆಳ್ಳನೆಯ ಹೊಳಪಿನ ಪಟ್ಟಿಯೊಂದು ಕೊಳವೆಯನ್ನು ಸುತ್ತಿತ್ತು. ಬಹಳ ದಿನ ಉಂಗುರ ಹಾಕಿ ತೆಗೆದ ಬೆರಳಿನ ಗುರುತಿನ ಹಾಗೆ. ಮುಂದಿನ ರಿಂಗಿನ ಹಿಂದೆಯೂ ಅಂಥದೇ ಇನ್ನೊಂದು.

ಮೇಸ್ತ್ರಿಗೆ ಅರ್ಥವಾಗಲು ಉಸಿರೆಳೆದುಕೊಳ್ಳುವಷ್ಟು ಹೊತ್ತೂ ಬೇಕಾಗಲಿಲ್ಲ. ಬುಧವಾರ ರಿಂಗುಗಳು ಹಿಡಿದಿದ್ದ ಜಾಗ ಅದು. ಸ್ಕೋಪು ಈಗ ಅವನು ಕೂರಿಸಿದ ಜಾಗದಲ್ಲಿ ಇಲ್ಲ. ಎರಡು ಬೆರಳು ಹಿಂದಕ್ಕೆ ಬಂದಿದೆ.

"ನೋಡಿದ್ರಾ!" ಅಧ್ಯಕ್ಷರು ಸ್ಟೂಲಿನಿಂದ ಎದ್ದೇಬಿಟ್ಟರು. "ಜಾರಿದೆ ಅಂತ ನಾನು ಬಡ್ಕೊಂಡೆ. ಇಲ್ಲಿಂದ ಇಲ್ಲಿಗೆ ಜಾರಿದೆ. ಇನ್ನೇನು ಬೇಕು?"

ಇನ್ಸ್‌ಪೆಕ್ಟರ್ ಅವರ ಕಡೆ ತಿರುಗಲೇ ಇಲ್ಲ. "ಮೇಲಿನ ಅರ್ಧ ತೆಗೀರಿ ಮೇಸ್ತ್ರಿಗಳೇ. ಎರಡೂ ರಿಂಗಿಂದು."

ಮೇಸ್ತ್ರಿ ನಕ್ಷತ್ರದ ಮೂತಿಯ ತಿರುಪುಳಿ ತೆಗೆದುಕೊಂಡ. ಮುಂದಿನ ರಿಂಗಿನ ಸ್ಕ್ರೂ ಒಂದೊಂದೂ ಬಿಡುವಾಗ ಕಿಟ್ ಎಂದು ಒಂದೇ ಥರ ಸದ್ದು ಮಾಡಿತು. ನಾಲ್ಕಕ್ಕೂ ಒಂದೇ ಬಿಗಿ. ಮೇಲಿನ ಮತ್ತು ಕೆಳಗಿನ ಅರ್ಧದ ನಡುವಿನ ಸಂದು, ಬಿಚ್ಚುವ ಮೊದಲೇ ಅವನು ನೋಡಿಕೊಂಡಿದ್ದ, ಎರಡೂ ಬದಿಗೆ ಒಂದೇ ಸಮ. ಅವಸರದವರು ಒಂದು ಬದಿಯನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗುತ್ತಾರೆ. ಸಂದು ಒಂದೇ ಕಡೆ ಬಾಯಿ ಬಿಡುತ್ತದೆ. ಹೀಗೆ ಮೂಲೆಯಿಂದ ಮೂಲೆಗೆ, ಕಾಲು ಕಾಲು ಸುತ್ತು, ರೊಟ್ಟಿ ತಟ್ಟುವವರ ತಾಳ್ಮೆಯಲ್ಲಿ ಬಿಗಿಯುವ ಕೈ ಈ ಊರಲ್ಲಿ ಎರಡೇ ಇದ್ದವು. ಒಂದು ಮೇಜಿನ ಕೆಳಗೆ ನಡುಗುತ್ತಿದ್ದುದು. ಇನ್ನೊಂದು, ಆ ಕೈಯೇ ಕಲಿಸಿದ ಕೈ.

ಪಕ್ಕದ ಕೋಣೆಯಲ್ಲಿ ಮಗಳು ಅರ ಉಜ್ಜುತ್ತಿದ್ದ ಸದ್ದು ನಿಂತಿತ್ತು. ಯಾವಾಗ ನಿಂತಿತು? ಅವನು ಗಮನಿಸಿರಲಿಲ್ಲ.

ಮೇಲಿನ ಅರ್ಧಗಳು ಬಂದವು. ಕೊಳವೆಯ ಮೇಲೆ ಹಳೆಯ ಪಟ್ಟಿ, ಹೊಸ ಪಟ್ಟಿ. ನಡುವಿನ ಎರಡು ಬೆರಳು ಜಾಗ ಕನ್ನಡಿಯ ಹಾಗೆ ನುಣುಪು. ಒಂದೇ ಒಂದು ಗೀರಿಲ್ಲ.

ಬಿಗಿ ಹಿಡಿತದಲ್ಲಿ ಜಾರಿದ್ದರೆ ಉದ್ದಕ್ಕೂ ಗೀರಿರಬೇಕಿತ್ತು. ಇದನ್ನು ಯಾರೋ ಸಾವಧಾನವಾಗಿ ಬಿಚ್ಚಿ, ಎತ್ತಿ, ಹಿಂದಕ್ಕಿಟ್ಟು, ಮತ್ತೆ ಬಿಗಿದಿದ್ದಾರೆ. ಆಮೇಲೆ ಇನ್ಯಾರೋ ಹಿಂದಿನ ರಿಂಗನ್ನು ಮಾತ್ರ ಸಡಿಲ ಮಾಡಿದ್ದಾರೆ. ಮೇಸ್ತ್ರಿಯ ಪಾಲಿಗೆ ಇದು ಬಿಡುಗಡೆಯ ಚೀಟಿ. ಬಾಯಿ ಬಿಟ್ಟರೆ ಸಾಕಿತ್ತು.

ಬಾಯಿ ಬಿಟ್ಟರೆ ಮುಂದಿನ ಪ್ರಶ್ನೆ: ಬಿಗಿದದ್ದು ಯಾರು?

"ನನಗೆ ಒಂದು ವಿಷಯ ಹೇಳಿ" ಎಂದಳು ಇನ್ಸ್‌ಪೆಕ್ಟರ್, ತೀರ ಮೆತ್ತಗೆ. "ರಿಂಗು ಸಡಿಲ ಇದ್ದಾಗ ಗುಂಡು ಹೊಡೆದರೆ, ಒದೆತಕ್ಕೆ ಸ್ಕೋಪು ಯಾವ ಕಡೆ ಜಾರತ್ತೆ? ಮುಂದಕ್ಕೋ ಹಿಂದಕ್ಕೋ?"

ಬೆಣ್ಣೆಯಿಂದ ಕೂದಲು ತೆಗೆಯುವ ಹೆಂಗಸು! ನೇರ ಅಲ್ಲಿಗೇ ಬಂದಿದ್ದಳು.

ಬಂದೂಕು ಹಿಂದಕ್ಕೆ ಒದೆಯುತ್ತದೆ. ಭಾರದ ಸ್ಕೋಪು ಇದ್ದಲ್ಲೇ ಇರಲು ನೋಡುತ್ತದೆ. ಹಾಗಾಗಿ ಅದು ರಿಂಗಿನೊಳಗೆ ಮುಂದಕ್ಕೆ ಜಾರುತ್ತದೆ. ಯಾವಾಗಲೂ ಮುಂದಕ್ಕೆ. ಈ ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಯುವ ಪಾಠ. ಮೇಸ್ತ್ರಿ ಮಗಳಿಗೂ ಹಾಗೆಯೇ ಕಲಿಸಿದ್ದ: ಅವಳು ಓಡುವ ಬಸ್ಸಿನಲ್ಲಿ ನಿಂತಿದ್ದಾಗ ಬ್ರೇಕು ಬಿದ್ದು ಮುಗ್ಗರಿಸಿದ್ದನ್ನೇ ತೋರಿಸಿ.

ಅವನು ಕಣ್ಣಿನ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟ.

"ಹಿಂದಕ್ಕೆ" ಎಂದ ಮೇಸ್ತ್ರಿ.

"ಹಿಂದಕ್ಕೆ?"

"ಹೌದು ಮೇಡಂ. ಹಿಂದಕ್ಕೇ ಜಾರತ್ತೆ." ಮೇಜಿನ ಕೆಳಗಿಂದ ಕೈಯನ್ನು ಹೊರಗೆ ತೆಗೆದು ದೀಪದ ಕೆಳಗೆ ಹಿಡಿದ. "ಇದನ್ನ ನೋಡಿ. ಎರಡು ವರ್ಷದಿಂದ ಹೀಗೆ. ಮುಚ್ಚಿಟ್ಟುಕೊಂಡು ಕೆಲಸ ಮಾಡ್ತಿದ್ದೆ. ಬಿಗಿ ಸಾಲದೆ ಹೋಗಿರಬೇಕು. ತಪ್ಪು ನಂದೇ."

ಅಧ್ಯಕ್ಷರು ನಿಟ್ಟುಸಿರು ಬಿಟ್ಟರು. ಅದು ದುಃಖದ್ದೋ ನೆಮ್ಮದಿಯದೋ, ಮೇಸ್ತ್ರಿಗೆ ಹೇಳಲಾಗಲಿಲ್ಲ. "ಆಯ್ತು ಬಿಡಿ ಮೇಡಂ. ವಯಸ್ಸಾದವರು. ಜಾಸ್ತಿ ಶಿಕ್ಷೆ ಆಗೋದು ಬೇಡ. ನಾನೇ ನಾಲ್ಕು ಮಾತು ಹೇಳ್ತೀನಿ."

"ಯಾವ ಮಾತೂ ಬೇಡ."

ಒಳಕೋಣೆಯ ಬಾಗಿಲಲ್ಲಿ ಮಗಳು ನಿಂತಿದ್ದಳು. ಮೂವತ್ತಮೂರರ ಹೆಂಗಸು, ಕೂದಲಲ್ಲಿ ಲೋಹದ ಪುಡಿ, ಹೆಗಲಿಗೆ ಎಣ್ಣೆಬಟ್ಟೆ. ಅಪ್ಪನ ಪಾಲಿಗೆ ಇವತ್ತಿಗೂ ಪುಟ್ಟಿ.

"ಪುಟ್ಟಿ, ಒಳಗೆ ಹೋಗು."

"ಹೋಗಲ್ಲ. ಏನಪ್ಪ ಅದು, ಹಿಂದಕ್ಕೆ ಜಾರತ್ತಾ? ನಲವತ್ತು ವರ್ಷ ಈ ಮೇಜಿನ ಮುಂದೆ ಕೂತು ಇದನ್ನಾ ಕಲ್ತಿದ್ದು? ಜೈಲಿಗೆ ಹೋಗ್ತೀಯೋ ಬಿಡ್ತೀಯೋ ಆಮೇಲಿನ ಮಾತು. ಕೆಲಸದ ವಿಷಯದಲ್ಲಿ ಸುಳ್ಳು ಹೇಳಬೇಡ, ಕೇಳೋಕಾಗಲ್ಲ!" ಅವಳು ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. "ಮುಂದಕ್ಕೆ ಜಾರತ್ತೆ ಮೇಡಂ. ಈ ಸ್ಕೋಪು ಜಾರಿಲ್ಲ. ಇದನ್ನ ಹಿಂದಕ್ಕೆ ಕೂರಿಸಿದ್ದು ನಾನು. ಶನಿವಾರ."

ಇನ್ಸ್‌ಪೆಕ್ಟರ್ ಬಗ್ಗಿಸಿದ್ದ ದೀಪವನ್ನು ನೆಟ್ಟಗೆ ಮಾಡಿದಳು.

"ಗೊತ್ತಿತ್ತು" ಎಂದಳು ಇನ್ಸ್‌ಪೆಕ್ಟರ್. "ಯಾವ ಕಡೆ ಜಾರತ್ತೆ ಅಂತ. ಭಾನುವಾರ ಸಾಯಂಕಾಲವೇ ನಮ್ಮ ಶಸ್ತ್ರಾಗಾರದವರನ್ನ ಕೇಳಿದ್ದೆ." ಮೇಸ್ತ್ರಿಯ ಕಡೆ ನೋಡಿ ಮುಂದುವರಿಸಿದಳು. "ನೀವು ಏನು ಹೇಳ್ತೀರಿ ಅಂತ ನೋಡಬೇಕಿತ್ತು. ಮಗಳು ಮಾಡಿದ್ದು ನಿಮಗೆ ಗೊತ್ತಿತ್ತಾ?"

"ಇಲ್ಲ."

"ಗೊತ್ತಿತ್ತಾ?"

"ಗೆರೆ ನೋಡೋ ತನಕ ಗೊತ್ತಿರಲಿಲ್ಲ" ಎಂದ ಮೇಸ್ತ್ರಿ. "ಶನಿವಾರ ನಾನು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಅರ್ಧ ದಿನ."

"ನೀನು ಬಿಚ್ಚಿದಾಗ ಅಪ್ಪನ ಬಿಗಿ ಹೇಗಿತ್ತಮ್ಮ?"

ಮಗಳು ತಡವರಿಸಿದಳು. ಈವರೆಗೂ ಅವಳ ದನಿಯಲ್ಲಿದ್ದ ಜೋರು ಕರಗಿತು. "ಮುಂದಿನದು ಸರಿಯಿತ್ತು. ಹಿಂದಿನದರಲ್ಲಿ ಎರಡು ಸ್ಕ್ರೂ... ಇನ್ನೂ ಕಾಲು ಸುತ್ತು ಬಿಗಿ ಹಿಡೀತು." ಅಪ್ಪನ ಮುಖ ನೋಡದೆ ಹೇಳಿದಳು. "ನೀನು ಮಾಡಿದ್ದನ್ನ ನಾನು ದಿನಾ ಒಂದು ಸಲ ಮುಟ್ಟಿ ನೋಡ್ತೀನಪ್ಪ. ನೀನು ಊಟಕ್ಕೆ ಎದ್ದಾಗ. ಒಂದು ವರ್ಷ ಆಯ್ತು."

ಮೇಸ್ತ್ರಿಗೆ ಜೈಲು ಅಂದಾಗ ಆಗದ ನೋವು ಈಗ ಆಯಿತು. ತಿರುಪುಳಿಯನ್ನು ಅದರ ಜಾಗದಲ್ಲಿಟ್ಟ. ಅದು ಗೂಟಕ್ಕೆ ಸಿಗಲು ಎರಡು ಸಲ ತಡಕಬೇಕಾಯಿತು.

"ಹಾಗಾದರೆ ಮೇಡಂ, ವಿಷಯ ಸ್ಪಷ್ಟವಾಯ್ತು" ಎಂದರು ಅಧ್ಯಕ್ಷರು. "ಅಪ್ಪ ಅಲ್ಲ, ಮಗಳು. ಇವಳು ಕೈ ಹಾಕಿದ್ದಾಳೆ, ಹಾಳು ಮಾಡಿದ್ದಾಳೆ. ನನ್ನ ತಲೆ ಮೇಲೆ ಗೂಬೆ ಕೂರಿಸೋಕೆ ಇಬ್ಬರೂ ಸೇರಿ..."

"ಸಾರ್, ಸ್ವಲ್ಪ ಇಲ್ಲಿ ಬನ್ನಿ" ಎಂದಳು ಮಗಳು.

"ಯಾಕೆ?"

"ಬನ್ನಿ. ಬಂದೂಕು ಕಚ್ಚಲ್ಲ. ಬೋಲ್ಟ್ ಅಲ್ಲಿದೆ, ನೋಡಿ."

ಅಷ್ಟರಲ್ಲಿ ಅವಳ ಕೈ ಕೆಲಸ ಶುರುಮಾಡಿತ್ತು. ಮೇಲಿನ ಅರ್ಧಗಳನ್ನು ಮುಚ್ಚಿ, ಹೊಸ ಪಟ್ಟಿಯಿದ್ದ ಜಾಗದಲ್ಲೇ ಕೂರಿಸಿ, ಎಂಟೂ ಸ್ಕ್ರೂ ಕೈಬಿಗಿ ಮಾಡಿ, ಬಂದೂಕನ್ನು ಮರಳಚೀಲದ ಮೇಲಿಟ್ಟಳು. ಮೇಸ್ತ್ರಿ ನೋಡುತ್ತಲೇ ಇದ್ದ. ಮೂಲೆಯಿಂದ ಮೂಲೆಗೆ, ಕಾಲು ಕಾಲು ಸುತ್ತು. ಇಷ್ಟು ಚೆನ್ನಾಗಿ ತಾನು ಯಾವ ಕಾಲದಲ್ಲಿ ಮಾಡಿದ್ದೆ?

"ಭಾನುವಾರ ಎಷ್ಟು ಗುಂಡು ಹೊಡೆದ್ರಿ ಸಾರ್?"

"ಹನ್ನೆರಡು. ಹನ್ನೆರಡನೆಯದೇ..." ಅಧ್ಯಕ್ಷರು ಕಣ್ಣೊರೆಸಿಕೊಂಡರು. "ಬರೆದುಕೊಟ್ಟಿದ್ದೀನಲ್ಲ."

"ಹನ್ನೆರಡೂ ನೀವೇ?"

"ಇನ್ಯಾರು? ಮೈದಾನದಲ್ಲಿ ನಾನು, ಅವನು. ಇಬ್ಬರೇ."

"ಹಾಗಾದರೆ ಹದಿಮೂರನೆಯದು ಹೊಡೆಯೋ ಹಾಗೆ ಕೆನ್ನೆ ಇಡಿ."

ಅಧ್ಯಕ್ಷರು ಇನ್ಸ್‌ಪೆಕ್ಟರ್ ಕಡೆ ನೋಡಿದರು. ಅವಳು ತಲೆಯಾಡಿಸಿದಳು. ಬೇರೆ ದಾರಿಯಿರಲಿಲ್ಲ. ಬಗ್ಗಿದರು, ಭುಜಕ್ಕೆ ಮರ ಕೊಟ್ಟರು, ಇಪ್ಪತ್ತು ವರ್ಷದ ಅಭ್ಯಾಸದಲ್ಲಿ ಕತ್ತು ತಾನಾಗಿ ಮುಂದಕ್ಕೆ ಚಾಚಿತು. ಸ್ಕೋಪಿನ ಅಂಚು ಟಕ್ಕೆಂದು ಹುಬ್ಬಿಗೆ ಬಡಿಯಿತು.

ತಟ್ಟನೆ ತಲೆ ಹಿಂದಕ್ಕೆಳೆದುಕೊಂಡರು. ಹಾಗೆ ಹಿಡಿದುಕೊಂಡು ನೋಡಲು ಹೋದರು. ಕತ್ತು ಬಾತುಕೋಳಿಯ ಹಾಗೆ ಸೊಟ್ಟಗಾಯಿತು, ಕೆನ್ನೆ ಮರದಿಂದ ಎದ್ದಿತು.

"ಹೀಗೆ ಹನ್ನೆರಡು ಗುಂಡು" ಎಂದಳು ಮಗಳು. "ಈ ಬಂದೂಕಿನ ಒದೆತಕ್ಕೆ ಮೊದಲನೆಯದರಲ್ಲೇ ಹುಬ್ಬು ಸೀಳಿ ರಕ್ತ ಸುರೀಬೇಕಿತ್ತು. ನಿಮ್ಮ ಹುಬ್ಬಲ್ಲಿ ಒಂದು ಸೊಳ್ಳೆ ಕಚ್ಚಿದ ಗುರುತೂ ಇಲ್ಲ ಸಾರ್. ನೀವು ಇದರಲ್ಲಿ ಒಂದು ಗುಂಡೂ ಹೊಡೆದಿಲ್ಲ."

ಇನ್ಸ್‌ಪೆಕ್ಟರ್ ಅಧ್ಯಕ್ಷರ ಹಣೆಯ ಹತ್ತಿರಕ್ಕೇ ಬಂದು ನೋಡಿದಳು. ಅಂಗಡಿಯಲ್ಲಿ ಹಣ್ಣು ಆರಿಸುವವರ ಹಾಗೆ, ಎಡದಿಂದ ಒಮ್ಮೆ, ಬಲದಿಂದ ಒಮ್ಮೆ. ಆಮೇಲೆ ಮಗಳ ಕಡೆ ತಿರುಗಿದಳು.

"ಯಾರ ಕಣ್ಣಿಗೆ ಕೂರಿಸಿದೆ?"

"ಒಬ್ಬ ಹೆಂಗಸು. ಗಿಡ್ಡ. ಬಂದೂಕನ್ನ ಪೆಟ್ಟಿಗೆ ಸಮೇತ ತಂದಿದ್ರು. ಕೆನ್ನೆ ಇಟ್ಟು ನೋಡಿದ್ರು, ಕತ್ತಲೆ ಕಾಣತ್ತೆ ಅಂದ್ರು, ಹಿಂದಕ್ಕೆ ಮಾಡಿಕೊಡು ಅಂದ್ರು. ಮಾಡಿಕೊಟ್ಟೆ."

"ಹೆಸರು?"

"ಕೇಳಲಿಲ್ಲ."

"ಹೆಸರು ಕೇಳಲಿಲ್ಲ?"

"ಕೆಲಸ ಜಾಸ್ತಿ ಇತ್ತು ಮೇಡಂ."

ಮೇಸ್ತ್ರಿ ತಲೆಯೆತ್ತಿದ. ಈ ಅಂಗಡಿಯಲ್ಲಿ ಪರವಾನಗಿ ಪುಸ್ತಕ ನೋಡದೆ, ಅದರ ನಂಬರನ್ನು ದಪ್ಪ ರಿಜಿಸ್ಟರಿಗೆ ಇಳಿಸದೆ ಬಂದೂಕಿನ ಹೆಗಲುಪಟ್ಟಿಯನ್ನೂ ಮುಟ್ಟುತ್ತಿರಲಿಲ್ಲ. ಆ ಕಟ್ಟಳೆ ಮಾಡಿದ್ದೇ ಮಗಳು. ಹೋದ ವರ್ಷ ಸ್ವಂತ ಸೋದರಮಾವನನ್ನು, ಪುಸ್ತಕ ಮನೆಯಲ್ಲಿ ಮರೆತು ಬಂದನೆಂದು, ಬಾಗಿಲಿನಿಂದಲೇ ವಾಪಸ್ಸು ಕಳಿಸಿದ್ದಳು. ಆತ ಇವತ್ತಿಗೂ ಇವಳೊಡನೆ ಮಾತಾಡುವುದಿಲ್ಲ.

ಇನ್ಸ್‌ಪೆಕ್ಟರ್ ರಿಜಿಸ್ಟರ್ ಕೇಳಿದಳು. ಶನಿವಾರದ ಪುಟದಲ್ಲಿ ಎರಡು ನಂಬರು: ಒಂದು ರೈತನ ಹಳೆಯ ಜೋಡುನಳಿಗೆ, ಒಂದು ಬ್ಯಾಂಕಿನ ಕಾವಲುಗಾರನ ಬಂದೂಕು. ಮೂರನೆಯದಿಲ್ಲ.

"ಬರೆಯೋಕೆ ಮರೆತೆ" ಎಂದಳು ಮಗಳು.

ಮರೆಯುವವಳಲ್ಲ. ಅಪ್ಪನ ಔಷಧದ ಹೊತ್ತನ್ನು ನಿಮಿಷ ತಪ್ಪದೆ ನೆನಪಿಡುವವಳು. ಮೇಸ್ತ್ರಿ ಮಗಳ ಮುಖವನ್ನೇ ನೋಡಿದ. ಅವಳು ಎಣ್ಣೆಬಟ್ಟೆಯಲ್ಲಿ ಕೈ ಒರೆಸುತ್ತಿದ್ದಳು. ಕೈ ಆಗಲೇ ಸ್ವಚ್ಛವಾಗಿತ್ತು.

"ಆ ಹೆಂಗಸನ್ನ ಮತ್ತೆ ನೋಡಿದರೆ ಗುರುತು ಹಿಡೀತೀಯಾ?"

ಮಗಳು ಉತ್ತರ ಕೊಡುವ ಮೊದಲೇ ಅಧ್ಯಕ್ಷರು ಮಾತಾಡಿದರು. ಈ ಸಲ ಕಣ್ಣೀರೂ ಇರಲಿಲ್ಲ, ಜೋರೂ ಇರಲಿಲ್ಲ.

"ಹುಡುಕಬೇಡಿ ಮೇಡಂ. ಬರ್ಕೊಳ್ಳಿ. ಹೊಡೆದಿದ್ದು ನಾನು. ಬೇಕಂತಲೇ ಹೊಡೆದೆ."

"ಏನಂದ್ರಿ?"

"ಸ್ಕೋಪ್ ಜಾರಲಿಲ್ಲ. ಅವನ ಎದೆಗೇ ಗುರಿ ಇಟ್ಟು ಹೊಡೆದೆ. ಆಮೇಲೆ ಹಿಂದಿನ ರಿಂಗು ನಾನೇ ಸಡಿಲ ಮಾಡಿದೆ. ಮೇಸ್ತ್ರಿ ತಲೆ ಮೇಲೆ ಹಾಕೋಣ ಅಂತ. ಅವರದ್ದೇನೂ ತಪ್ಪಿಲ್ಲ. ಮಗಳದ್ದೂ ಇಲ್ಲ. ಬರ್ಕೊಳ್ಳಿ, ಸಹಿ ಹಾಕ್ತೀನಿ."

ಅಪಘಾತವೆಂದು ಎರಡು ದಿನ ಅತ್ತ ಮನುಷ್ಯ ಎರಡೇ ನಿಮಿಷದಲ್ಲಿ ಕೊಲೆಯನ್ನು ಮೈಮೇಲೆ ಎಳೆದುಕೊಂಡಿದ್ದ. ಅಧ್ಯಕ್ಷರ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಆದರೆ ದನಿ ಗಟ್ಟಿಯಿತ್ತು, ಬಹಳ ದಿನದ ಹೊರೆ ಇಳಿಸಿದವರ ಹಾಗೆ.

ಇನ್ಸ್‌ಪೆಕ್ಟರ್ ಮೇಜಿನ ಮೂಲೆಯಲ್ಲೇ ಕಾಗದ ಹರಡಿ ಬರೆದುಕೊಂಡಳು. ಅಧ್ಯಕ್ಷರು ಓದದೆ ಸಹಿ ಹಾಕಿದರು. ಆಮೇಲೆ ಅವಳು ಕಾಗದವನ್ನು ಮೇಸ್ತ್ರಿಯ ಕಡೆ ಜರುಗಿಸಿದಳು.

"ಸಾಕ್ಷಿಯಾಗಿ ನೀವೊಂದು ಸಹಿ ಹಾಕಿ. ಕೆಲಸದಲ್ಲಿ ದೋಷ ಇಲ್ಲ, ಇವರು ನಿಮ್ಮ ಎದುರಿಗೆ ಹೀಗೆ ಒಪ್ಪಿಕೊಂಡರು, ಅದು ನಿಜ ಅಂತ ನಿಮಗೂ ಅನ್ನಿಸ್ತು, ಇಷ್ಟೇ. ಹಾಕಿದರೆ ನಿಮ್ಮ ಬಾಗಿಲಿಗೆ ಬೀಗ ಇಲ್ಲ. ಪರವಾನಗಿ ನಿಮ್ಮದೇ. ಮಗಳನ್ನೂ ಯಾರೂ ಕರೆಯಲ್ಲ."

"ಸಹಿ ಹಾಕಪ್ಪ" ಎಂದಳು ಮಗಳು.

ಬೇಗ ಹೇಳಿ ಮುಗಿಸಿದಳು. ಸ್ವಲ್ಪ ಜಾಸ್ತಿಯೇ ಬೇಗ.

ಮೇಸ್ತ್ರಿ ಪೆನ್ನು ತೆಗೆದುಕೊಂಡ. ನಾಲ್ಕು ಅಕ್ಷರ ಬರೆದರೆ ಮನೆ ಉಳಿಯುತ್ತದೆ, ಮೇಜು ಉಳಿಯುತ್ತದೆ, ಪುಟ್ಟಿ ಉಳಿಯುತ್ತಾಳೆ. ಮರಳಚೀಲದ ಮೇಲೆ ಬಂದೂಕು ಸುಮ್ಮನೆ ಮಲಗಿತ್ತು. ಈ ಸ್ಕೋಪಿನಲ್ಲಿ ಈ ಕತ್ತಿನ ಮನುಷ್ಯ ಗುರಿಹಲಗೆಯನ್ನೇ ಕಾಣಲಾರ, ಮುನ್ನೂರು ಮೀಟರ್ ಆಚೆಯ ಎದೆಯನ್ನು ಹೇಗೆ ಕಂಡ? ಐದು ನಿಮಿಷದ ಕೆಳಗೆ ಇದನ್ನು ಬಯಲು ಮಾಡಿದವಳೇ ಮಗಳು. ಈಗ ಅವಳೇ ಸಹಿ ಹಾಕು ಅನ್ನುತ್ತಿದ್ದಾಳೆ.

"ಹಾಕಪ್ಪ, ಏನು ಯೋಚನೆ ಮಾಡ್ತಿದ್ದೀಯ?"

"ಕೆಲಸದ ವಿಷಯದಲ್ಲಿ ಸುಳ್ಳು ಹೇಳಬೇಡ ಅಂದವಳು ನೀನೇ ಅಲ್ವಾ ಪುಟ್ಟಿ?"

ಬರೆಯಲು ಬಹಳ ಹೊತ್ತು ಹಿಡಿಯಿತು. ಅಕ್ಷರಗಳು ಒಂದರ ಮೇಲೊಂದು ಬಿದ್ದವು. ಬರೆದು ಮುಗಿಸಿ ಕಾಗದವನ್ನು ಇನ್ಸ್‌ಪೆಕ್ಟರ್ ಕಡೆ ತಿರುಗಿಸಿದ. ಸಹಿಯ ಜಾಗದಲ್ಲಿ ಒಂದು ಸಾಲಿತ್ತು: ಸ್ಕೋಪು ಇರುವ ಈ ಸ್ಥಿತಿಯಲ್ಲಿ ಅಧ್ಯಕ್ಷರು ಈ ಬಂದೂಕಿನಿಂದ ಗುರಿಯಿಟ್ಟು ಹೊಡೆದಿರಲು ಸಾಧ್ಯವಿಲ್ಲ. ಅದರ ಕೆಳಗೆ ಸಹಿ.

ಇನ್ಸ್‌ಪೆಕ್ಟರ್ ಅದನ್ನು ಎರಡು ಸಲ ಓದಿದಳು.

ಅಧ್ಯಕ್ಷರು ಕಾಗದದ ಕಡೆ ನೋಡಲೇ ಇಲ್ಲ. ಮೇಸ್ತ್ರಿಯನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. 

"ಹರಿದು ಹಾಕಿ ಮೇಸ್ತ್ರಿಗಳೇ" ಎಂದರು ಮೆಲ್ಲಗೆ. "ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ. ನಾನು ಉಳಿಸೋಕೆ ನೋಡ್ತಿರೋದು ನನ್ನ ಕಡೆಯವರನ್ನಲ್ಲ, ನಿಮ್ಮ ಮಗಳನ್ನ. ಗುಂಡು ಹೊಡೆದ ಆ ಹೆಂಗಸು ಯಾರು ಅಂತ ಅವಳಿಗೆ ಗೊತ್ತು. ಶನಿವಾರ ಆಕೆಯನ್ನ ಇಲ್ಲಿಗೆ ಬರಹೇಳಿದ್ದೇ ಅವಳು."

ಮೇಸ್ತ್ರಿ ತಿರುಗಿ ನೋಡಿದ.

ಮಗಳು ಇಲ್ಲ ಅನ್ನಲಿಲ್ಲ.